ರೆಡ್ ಲೇಕ್‌ನಿಂದ ಆಚೆಗೆ: ಪೈಕ್ ಮತ್ತು ವಾಲೈ ಅರಸಿ

ಕೆನಡಾದ ಉತ್ತರ ಒಂಟಾರಿಯೋದ ದೂರದ ಸರೋವರಗಳಿಗೆ ಪೈಕ್, ವಾಲೈ ಎಂಬ ಸಿಹಿನೀರಿನ ಮೀನು ಹಿಡಿಯಲು ಹೋಗಬೇಕೆಂದರೆ ಅಂಗಳದಲ್ಲಿ ಹಿಮದ ರಾಶಿ ಇರುವಾಗಲೇ ತಯಾರಿ ಶುರುವಾಗಬೇಕು. ಈ ಸರೋವರಗಳಿಗೆ ರಸ್ತೆಯಿಲ್ಲ. ರಸ್ತೆ ಮುಗಿಯುವ ಊರಿನಿಂದ ನೀರಿನ ಮೇಲೆ ಇಳಿಯಬಲ್ಲ ಸಣ್ಣ ವಿಮಾನವೊಂದು ನಮ್ಮನ್ನು ಹೊತ್ತೊಯ್ದು, ದಡದಲ್ಲಿರುವ ಒಂಟಿ ಮರದ ಕ್ಯಾಬಿನ್ನಿನ ಮುಂದೆ ಬಿಟ್ಟು ಬರುತ್ತದೆ. ವಿಮಾನ, ಕ್ಯಾಬಿನ್, ದೋಣಿ ಮೂರನ್ನೂ ಒಟ್ಟಿಗೆ ಬಾಡಿಗೆಗೆ ಕೊಡುವ ಸಂಸ್ಥೆಗಳಲ್ಲಿ ಜೂನ್ ತಿಂಗಳ ಒಳ್ಳೆಯ ವಾರಗಳು ಜನವರಿಯ ಹೊತ್ತಿಗೇ ಭರ್ತಿಯಾಗಿರುತ್ತವೆ. ನಾನಿರುವುದು ಮಿಸಿಸಾಗಾದಲ್ಲಿ, ಭಾವ ಇರುವುದು ಪಕ್ಕದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್‌ನಲ್ಲಿ. ಆ ಚಳಿಗಾಲದ ನಮ್ಮ ದೂರವಾಣಿ ಮಾತುಕತೆಯೆಲ್ಲ ಯಾವ ತಿಂಗಳು, ಯಾವ ಸರೋವರ ಎಂಬ ಎರಡು ವಿಷಯಗಳಲ್ಲೇ ಕಳೆಯಿತು.

ಭಾವ ಮೇ ತಿಂಗಳೇ ಆಗಬೇಕೆಂದು ಪಟ್ಟು ಹಿಡಿದರು. ಅವರ ವಾದಕ್ಕೆ ಆಧಾರವಿತ್ತು. ಆ ಭಾಗದಲ್ಲಿ ವಾಲೈ ಹಿಡಿಯುವ ಅವಧಿ ಮೇ ತಿಂಗಳ ಮೂರನೆಯ ಶನಿವಾರ ತೆರೆದುಕೊಳ್ಳುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸರೋವರಗಳ ಮಂಜುಗಡ್ಡೆಯೂ ಕರಗಿರುತ್ತದೆ. ಮೊಟ್ಟೆಯಿಟ್ಟ ದೊಡ್ಡ ಹೆಣ್ಣು ಪೈಕ್‌ಗಳು ಬಿಸಿಲಿಗೆ ಬೇಗ ಕಾಯುವ ಆಳವಿಲ್ಲದ ಕೊಲ್ಲಿಗಳಲ್ಲೂ, ವಾಲೈಗಳು ಹೊಳೆಯ ನೀರು ಕಲ್ಲುಗಳ ಮೇಲೆ ಹರಿದು ಸರೋವರಕ್ಕೆ ಸೇರುವ ಬಾಯಿಯಲ್ಲೂ ಗುಂಪಾಗಿರುತ್ತವೆ. ಆದರೆ ಮೇ ಮಧ್ಯದಲ್ಲಿ ಮಂಜುಗಡ್ಡೆ ಒಂದು ವಾರ ತಡಮಾಡಿ ಕರಗಿದರೂ ವಿಮಾನ ಇಳಿಯಲು ನೀರಿರುವುದಿಲ್ಲ. ನನ್ನ ಮನಸ್ಸು ಆಗಸ್ಟ್ ಕೊನೆಯ ಕಡೆಗಿತ್ತು. ಕೊನೆಗೆ ಭಾವನ ಸಹೋದ್ಯೋಗಿಯೊಬ್ಬರು ನಮ್ಮ ಜೊತೆಗೂಡಿ, ಅವರಿಗೆ ರಜೆ ಸಿಗುವುದು ಜೂನ್ ಮಧ್ಯದಲ್ಲಿ ಮಾತ್ರ ಎಂದಾಗ ಚರ್ಚೆ ತಾನಾಗಿ ಮುಗಿಯಿತು. ಜೂನ್ ಎಂದರೆ ಅಲ್ಲಿ ಕಪ್ಪುನೊಣಗಳ ತಿಂಗಳು ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ. ಅವು ಸೊಳ್ಳೆಯಂತೆ ಚುಚ್ಚುವುದಿಲ್ಲ, ಚರ್ಮವನ್ನೇ ಕಡಿಯುತ್ತವೆ. ಕಿವಿಯ ಹಿಂದೆ ಮತ್ತು ಟೋಪಿಯ ಅಂಚಿನ ಕೆಳಗೆ ಕಡಿದ ಜಾಗದಿಂದ ರಕ್ತ ಇಳಿಯುವಾಗಲಷ್ಟೇ ಗೊತ್ತಾಗುತ್ತದೆ.

ಒಂಟಾರಿಯೋದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರೋವರಗಳಿವೆ. ಅವುಗಳಲ್ಲಿ ಒಂದನ್ನು ಆರಿಸಲು ಬಾಡಿಗೆ ಸಂಸ್ಥೆಗಳ ಮಾಹಿತಿಪತ್ರಗಳು ಸ್ವಲ್ಪವೂ ನೆರವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲದರಲ್ಲೂ ಕಪ್ಪು ಕನ್ನಡಕ ಹಾಕಿದ ಗಂಡಸೊಬ್ಬ, ಮೀನು ದೊಡ್ಡದಾಗಿ ಕಾಣಲೆಂದು ಕೈಗಳನ್ನು ಪೂರ್ತಿ ಮುಂದೆ ಚಾಚಿ ನಗುತ್ತಿರುತ್ತಾನೆ. ನಕ್ಷೆಯಲ್ಲಿ ನೋಡಬೇಕಾದದ್ದು ಬೇರೆ. ಸರೋವರಕ್ಕೆ ಹೊಳೆ ಸೇರುತ್ತದೆಯೇ, ನೀರೊಳಗೆ ಕಲ್ಲಿನ ದಿಬ್ಬಗಳಿವೆಯೇ, ಜೊಂಡು ಬೆಳೆಯುವ ಕೊಲ್ಲಿಗಳಿವೆಯೇ, ಒಂದೇ ನೀರಿನ ಮೇಲೆ ಎಷ್ಟು ಕ್ಯಾಬಿನ್‌ಗಳಿವೆ ಎಂಬುದು ಮುಖ್ಯ. ರೆಡ್ ಲೇಕ್ ಊರಿನ ಉತ್ತರಕ್ಕೆ ಇವೆಲ್ಲ ಕೂಡಿಬಂದ, ಒಂದೇ ಕ್ಯಾಬಿನ್ ಇರುವ ಸರೋವರವೊಂದು ನಮಗೆ ಸಿಕ್ಕಿತು. ಅದರ ಹೆಸರನ್ನು ಬರೆಯುವುದಿಲ್ಲವೆಂದು ಭಾವನಿಗೆ ಮಾತು ಕೊಟ್ಟಿದ್ದೇನೆ.

ನಾನು ವಿನ್ನಿಪೆಗ್‌ಗೆ ವಿಮಾನದಲ್ಲಿ ಹೋದೆ. ಅಲ್ಲಿಂದ ಕೆನೋರಾ ದಾಟಿ, ವರ್ಮಿಲಿಯನ್ ಬೇಯಲ್ಲಿ ಎಡಕ್ಕೆ ತಿರುಗಿ, 105ನೇ ಹೆದ್ದಾರಿ ಹಿಡಿದು ಅದು ಮುಗಿಯುವವರೆಗೂ ಕಾರು ಓಡಿಸಿದೆವು. ಮುಗಿಯುವಲ್ಲಿ ರೆಡ್ ಲೇಕ್ ಇದೆ. 1926ರ ಚಿನ್ನದ ನುಗ್ಗಾಟದಿಂದ ಹುಟ್ಟಿದ ಈ ಗಣಿಯೂರು ನೀರಿನ ಮೇಲೆ ಇಳಿಯುವ ಫ್ಲೋಟ್ ಪ್ಲೇನ್‌ಗಳಿಗೂ ಹೆಸರುವಾಸಿ. 1930ರ ದಶಕದ ನಾರ್ಸ್‌ಮನ್ ವಿಮಾನದ ಹೆಸರಿನಲ್ಲಿ ಊರು ಉತ್ಸವವನ್ನೇ ನಡೆಸುತ್ತದೆ. ನಮ್ಮನ್ನು ಕೊಂಡೊಯ್ಯಬೇಕಿದ್ದದ್ದು ಡಿ ಹ್ಯಾವಿಲ್ಯಾಂಡ್ ಬೀವರ್. 1947ರಲ್ಲಿ ಮೊದಲು ಹಾರಿದ, 1967ರಲ್ಲಿ ತಯಾರಿಕೆ ನಿಂತ ಮಾದರಿಯಾದರೂ ಉತ್ತರದ ಕಾಡುಗಳಲ್ಲಿ ಅದರ ದುಡಿಮೆ ಇನ್ನೂ ನಿಂತಿಲ್ಲ.

ಬೆಳಿಗ್ಗೆ ಹಡಗುಕಟ್ಟೆಗೆ ಬಂದಾಗ ನೀರಿನ ಮೇಲೆ ಕಾವಳ ಕವಿದಿತ್ತು, ಎದುರಿನ ದಡ ಕಾಣುತ್ತಿರಲಿಲ್ಲ. ಪೈಲಟ್ ಕಾಫಿ ಕುಡಿಯುತ್ತ, ಕಾಣುವವರೆಗೆ ಹಾರುವುದಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು. ಆ ಕಾಯುವಿಕೆ ಮಧ್ಯಾಹ್ನ ಕಳೆದರೂ ಮುಗಿಯಲಿಲ್ಲ. ಈ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದಿರುವುದು ಆ ಗಂಟೆಗಳೇ.

ಕಟ್ಟೆಯ ತುದಿಯಲ್ಲಿ ಎಪ್ಪತ್ತು ದಾಟಿದ, ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಸಮುದಾಯದ ಹಿರಿಯರೊಬ್ಬರು ಇಂಧನದ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಹಿಂದೆ ಮೀನುಗಾರರಿಗೆ ಗೈಡ್ ಆಗಿದ್ದವರು, ಈಗ ಬೇಸಿಗೆಯಲ್ಲಿ ಸಾಮಾನು ಹತ್ತಿಸುವ ಕೆಲಸಕ್ಕೆ ಬರುತ್ತಾರೆ. ಯಾವ ಸರೋವರಕ್ಕೆ ಎಂದು ಕೇಳಿದರು, ಹೇಳಿದೆವು. ಅಳತೆಪಟ್ಟಿ ತಂದಿದ್ದೀರಾ ಎಂದು ಕೇಳಿದಾಗ ಭಾವ ಉತ್ಸಾಹದಿಂದ ಅದನ್ನು ಹೊರತೆಗೆದು ನಿಯಮಗಳನ್ನು ಒಪ್ಪಿಸಿದರು: ಸ್ಪೋರ್ಟ್ ಪರವಾನಗಿಯಿದ್ದರೆ ಇಟ್ಟುಕೊಳ್ಳಬಹುದಾದ ವಾಲೈ ನಾಲ್ಕು, ಕನ್ಸರ್ವೇಶನ್ ಪರವಾನಗಿಯಿದ್ದರೆ ಎರಡು, ಅದರಲ್ಲಿ 46 ಸೆಂಟಿಮೀಟರ್ ಮೀರಿದ್ದು ಒಂದೇ. ಹಿರಿಯರು ತಾಳ್ಮೆಯಿಂದ ಕೇಳಿ, "ಅದು ಸರಕಾರಕ್ಕೆ. ನಾನು ಕೇಳಿದ್ದು ನಿಮ್ಮ ಹೊಟ್ಟೆಗೆ" ಎಂದರು.

ಅವರ ಬಾಲ್ಯ ಇಂಗ್ಲಿಷ್ ನದಿಯ ಕೆಳಭಾಗದಲ್ಲಿ, ಗ್ರಾಸಿ ನ್ಯಾರೋಸ್ ಎಂಬ ಊರಿನ ಕಡೆ ಕಳೆದಿತ್ತು. ತಂದೆ ಬಾಲ್ ಲೇಕ್ ಲಾಡ್ಜಿನಲ್ಲಿ ಗೈಡ್. ಅಮೆರಿಕದ ಶ್ರೀಮಂತರು ಬಂದು ವಾಲೈ ಹಿಡಿಯುತ್ತಿದ್ದರು, ಮಧ್ಯಾಹ್ನ ಬಂಡೆಯ ಮೇಲೆ ಬೆಂಕಿ ಹಾಕಿ ತಂದೆಯೇ ಅದನ್ನು ಹುರಿದು ಬಡಿಸುತ್ತಿದ್ದರು, ಉಳಿದದ್ದು ಮನೆಗೆ. ನದಿಯ ಮೇಲ್ಭಾಗದ ಡ್ರೈಡನ್ ಊರಿನ ಕಾಗದದ ಕಾರ್ಖಾನೆಯ ರಾಸಾಯನಿಕ ಘಟಕ 1962ರಿಂದ 1970ರವರೆಗೆ, ಇಂಗ್ಲಿಷ್ ನದಿಯನ್ನು ಸೇರುವ ವಾಬಿಗೂನ್ ನದಿಗೆ ಒಂಬತ್ತು ಟನ್ನಿಗೂ ಮೀರಿ ಪಾದರಸ ಬಿಟ್ಟಿತ್ತೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ 1970ರಲ್ಲಿ ಸರಕಾರ ಅಲ್ಲಿನ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಿತು. ಲಾಡ್ಜಿನ ಮಾಲೀಕ ಬಾರ್ನಿ ಲ್ಯಾಮ್ ವಿಷದ ಮೀನನ್ನು ಅತಿಥಿಗಳಿಗೆ ಕೊಡಲಾರೆನೆಂದು ಬಾಗಿಲು ಮುಚ್ಚಿದರು. ಬಲೆ ಹಾಕುವ ಆದಾಯ, ಗೈಡ್ ಕೆಲಸದ ಸಂಬಳ ಮತ್ತು ತಟ್ಟೆಯ ಮೀನು ಒಂದೇ ವರ್ಷ ಹೋದವು. 1975ರಲ್ಲಿ ಜಪಾನಿನಿಂದ ಮಸಾಜುಮಿ ಹರಾದ ಎಂಬ ವೈದ್ಯರು ಬಂದು ಜನರನ್ನು ಪರೀಕ್ಷಿಸಿ, ಪಾದರಸ ಸೇರಿದ ಮೀನು ತಿಂದು ಜನ ರೋಗಕ್ಕೆ ತುತ್ತಾಗಿದ್ದ ಜಪಾನಿನ ಮಿನಾಮಾತಾದಲ್ಲಿ ಕಂಡಿದ್ದ ಲಕ್ಷಣಗಳನ್ನೇ ಇಲ್ಲೂ ಕಂಡರು. ಈ ಇತಿಹಾಸವನ್ನು ನಾನು ಮೊದಲೇ ಓದಿದ್ದೆ. ಆದರೆ ನಾವು ಕಾರಿನಲ್ಲಿ ಬಂದ ದಾರಿ ಆ ನದಿಗಳ ಸೀಮೆಯದೇ ಎಂಬುದು ಕಟ್ಟೆಯ ಮೇಲೆ ಕುಳಿತಾಗಲಷ್ಟೇ ಹೊಳೆಯಿತು.

"ನಿಮ್ಮ ಊರಿನಲ್ಲಿ ಮೀನು ತಿನ್ನುತ್ತಾರೆಯೇ?" ಎಂದು ಅವರು ಕೇಳಿದರು. ನಾನು ಕುಂದಾಪುರದ ಕಡೆಯವನು. ಮೀನಿಲ್ಲದ ಊಟ ನಮ್ಮ ಮನೆಯಲ್ಲಿ ಊಟವೆನಿಸಿಕೊಳ್ಳುತ್ತಿರಲಿಲ್ಲ ಎಂದೆ.

"ನಾಳೆಯಿಂದ ಮೀನು ತಿನ್ನಬೇಡಿ ಎಂದು ಆಫೀಸಿನವರು ಬಂದು ನಿಮ್ಮ ತಾಯಿಗೆ ಹೇಳಿದ್ದರೆ ಅವರು ಏನೆನ್ನುತ್ತಿದ್ದರು?"

ನಾನು ಸ್ವಲ್ಪ ಯೋಚಿಸಿ, "ಮತ್ತೆ ಬೇಯಿಸುವುದೇನನ್ನು ಎಂದು ಕೇಳುತ್ತಿದ್ದರು" ಎಂದೆ. ಅವರು ಗಟ್ಟಿಯಾಗಿ ನಕ್ಕು, ಹತ್ತಿರದಲ್ಲಿದ್ದ ಇನ್ನೊಬ್ಬ ಕೆಲಸಗಾರನನ್ನು ಕರೆದು ನನ್ನ ಮಾತನ್ನು ತಮ್ಮ ಭಾಷೆಯಲ್ಲಿ ಹೇಳಿದರು. ಅನಂತರ ನನ್ನ ಕಡೆ ತಿರುಗಿ, "ನನ್ನ ತಾಯಿಯೂ ಅದನ್ನೇ ಕೇಳಿದ್ದು. ಆಫೀಸಿನವನ ಹತ್ತಿರ ಉತ್ತರವಿರಲಿಲ್ಲ. ಅವಳು ಮತ್ತೆ ಮೀನನ್ನೇ ಬೇಯಿಸಿದಳು" ಎಂದರು.

ನಾವು ಹೋಗುವ ಸರೋವರ ಆ ನದಿಗೆ ಸೇರಿದ್ದಲ್ಲ ಎಂದು ಅವರೇ ಸಮಾಧಾನ ಹೇಳಿದರು. ಆದರೂ ಕಾರ್ಖಾನೆಯಿಲ್ಲದ ನೀರಿಗೂ ಗಾಳಿಯಿಂದ, ಮಣ್ಣಿನಿಂದ ಸ್ವಲ್ಪ ಪಾದರಸ ಬಂದೇ ಬರುತ್ತದೆ. ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ದೇಹದಲ್ಲಿ ಉಳಿದುಕೊಳ್ಳುವ ರೂಪಕ್ಕೆ ತಿರುಗಿಸುತ್ತವೆ. ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ವಾಲೈಗೆ, ಪೈಕ್‌ಗೆ ಏರುತ್ತ ಹೋದಂತೆ ಅದರ ಸಾಂದ್ರತೆಯೂ ಏರುತ್ತದೆ, ಮೀನು ಮುದಿಯಾದಷ್ಟೂ ಹೆಚ್ಚುತ್ತದೆ. ಒಂಟಾರಿಯೋ ಸರಕಾರವು ಯಾವ ಸರೋವರದ, ಯಾವ ಜಾತಿಯ, ಎಷ್ಟು ಉದ್ದದ ಮೀನನ್ನು ತಿಂಗಳಿಗೆ ಎಷ್ಟು ಊಟಕ್ಕೆ ಬಳಸಬಹುದೆಂದು ಕೋಷ್ಟಕ ಮಾಡಿ ಪ್ರಕಟಿಸುತ್ತದೆ. ಮಕ್ಕಳಿಗೂ ಹೆರುವ ವಯಸ್ಸಿನ ಹೆಂಗಸರಿಗೂ ಅದರಲ್ಲಿ ಪ್ರತ್ಯೇಕ ಲೆಕ್ಕವಿದೆ. ಆರು ತಿಂಗಳ ನಮ್ಮ ಯೋಜನೆಯಲ್ಲಿ ಗಾಳದ ದಾರದ ದಪ್ಪವನ್ನೂ ಚರ್ಚಿಸಿದ್ದ ನಾವು ಮೂವರೂ ಈ ಕೋಷ್ಟಕದ ಮಾತನ್ನೇ ಎತ್ತಿರಲಿಲ್ಲ. ಹಿರಿಯರ ಸಲಹೆ ಚಿಕ್ಕದಾಗಿತ್ತು: "ಬಾಣಲೆಯಲ್ಲಿ ಮಲಗುವಷ್ಟು ಉದ್ದದ್ದನ್ನು ತಿನ್ನಿ. ಬಾಣಲೆಗಿಂತ ಉದ್ದದ್ದನ್ನು ಬಿಡಿ. ಮೊಟ್ಟೆಯಿಡುವುದೂ ಅದೇ, ವಿಷ ಇಟ್ಟುಕೊಂಡಿರುವುದೂ ಅದೇ."

ದುರದೃಷ್ಟವೆಂದರೆ ಬಾಣಲೆ ಕಟ್ಟೆಯ ಮೇಲೇ ಉಳಿಯಿತು. ಬಾಡಿಗೆ ಸಂಸ್ಥೆಯವರು ಪತ್ರದಲ್ಲಿ ತಲೆಗೆ 80 ಪೌಂಡ್ ಸಾಮಾನು ಎಂದು ಬರೆದಿದ್ದರು. ಆಹಾರದ ಪೆಟ್ಟಿಗೆ ಪ್ರತ್ಯೇಕವೆಂದು ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದರು. ಸಂಜೆ ಕಾವಳ ಸರಿದು, ತೂಕದ ಯಂತ್ರದ ಮೇಲೆ ಎಲ್ಲವನ್ನೂ ಇಡುವಾಗ ಆ ಪೆಟ್ಟಿಗೆಯನ್ನೂ ಲೆಕ್ಕಕ್ಕೆ ಸೇರಿಸಿದರು, ಹೆಚ್ಚಿನದಕ್ಕೆ ಇನ್ನೊಂದು ಹಾರಾಟದ ಹಣ ಕೇಳಿದರು. ನಮ್ಮ ಎರಕದ ಬಾಣಲೆ, ಅರ್ಧ ಅಕ್ಕಿ, ಆಲೂಗಡ್ಡೆಯ ಚೀಲ, ಭಾವನ ಎರಡನೆಯ ಗಾಳದ ಪೆಟ್ಟಿಗೆ ಅಲ್ಲೇ ಉಳಿದವು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೋಗುವವರು ತೂಕದ ಮಿತಿಯಲ್ಲಿ ಏನೇನು ಸೇರುತ್ತದೆಂಬುದನ್ನು ಬರಹದಲ್ಲೇ ಪಡೆಯಬೇಕು, ಸಾಮಾನನ್ನು ಮನೆಯಲ್ಲೇ ತೂಗಬೇಕು, ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಚೀಲಗಳನ್ನೇ ಒಯ್ಯಬೇಕು. ಉಪಗ್ರಹ ಸಂದೇಶ ಸಾಧನ ನಿಮ್ಮದೇ ಇರಲಿ. ಕ್ಯಾಬಿನ್ನಿನ ಎರಡು ದೋಣಿ ಮೋಟಾರುಗಳಲ್ಲಿ ಒಂದು ಮೊದಲ ಸಂಜೆಯೇ ಕೆಟ್ಟು, ನಮ್ಮ ಸಂದೇಶ ತಲುಪಿದ್ದರಿಂದಲೇ ಬದಲಿ ಬಂತು. ಜೀವಂತ ಎರೆಯ ಆಸೆಯನ್ನೂ ಬಿಡಬೇಕು: ಹೊರಗಿನಿಂದ ಒಂಟಾರಿಯೋಕ್ಕೆ ಎರೆಮೀನನ್ನಾಗಲಿ ಜಿಗಣೆಯನ್ನಾಗಲಿ ತರುವುದು ಕಾನೂನುಬಾಹಿರ, ಹಾಗಾಗಿ ಭಾವ ವಿನ್ನಿಪೆಗ್‌ನಲ್ಲಿ ಕೊಳ್ಳಲು ಹೊರಟಿದ್ದ ಜಿಗಣೆಗಳು ಅಂಗಡಿಯಲ್ಲೇ ಉಳಿದಿದ್ದವು.

ಅದರಿಂದ ಏನೂ ನಷ್ಟವಾಗಲಿಲ್ಲ. ಹೊಳೆಬಾಯಿಯಲ್ಲಿ ಜಿಗ್ ಎನ್ನುವ ಕಾಲು ಔನ್ಸಿನ ಸೀಸದ ತಲೆಯ ಕೊಕ್ಕೆಗೆ ಹಳದಿ ರಬ್ಬರ್ ಬಾಲ ಸಿಕ್ಕಿಸಿ ತಳಕ್ಕೆ ತಾಗಿಸುತ್ತ ಎತ್ತುತ್ತಿದ್ದರೆ ಸಾಕಾಗಿತ್ತು. ವಾಲೈ ಜಗ್ಗುವುದಿಲ್ಲ, ದಾರ ಸುಮ್ಮನೆ ಭಾರವಾಗುತ್ತದೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರ ಸುಮಾರಿಗೂ ಆಕಾಶದಲ್ಲಿ ಬೆಳಕಿರುತ್ತದೆ, ಅವು ಕಚ್ಚುವುದು ಆ ಮಬ್ಬಿನಲ್ಲೇ. ಕಣ್ಣಿನ ಹಿಂದಿರುವ ಹೊಳೆಯುವ ಪದರ ಅವುಗಳಿಗೆ ಕತ್ತಲಲ್ಲಿ ಬೇಟೆಯನ್ನು ತೋರಿಸುತ್ತದೆ. ಪೈಕ್‌ನ ರೀತಿಯೇ ಬೇರೆ. ಕೆಂಪು ಬಿಳಿ ಪಟ್ಟೆಯ ಸ್ಪೂನನ್ನು, ಅಂದರೆ ಚಮಚದಾಕಾರದ ಲೋಹದ ಹುಸಿ ಎರೆಯನ್ನು, ಜೊಂಡಿನ ಅಂಚಿಗೆ ಎಸೆದು ಸುತ್ತಿಕೊಳ್ಳುವಾಗ ಒಂದು ದೊಡ್ಡ ಪೈಕ್ ದೋಣಿಯವರೆಗೂ ಹಿಂಬಾಲಿಸಿ ಬಂದು ನಿಂತು, ನಮ್ಮನ್ನು ನೋಡಿಕೊಂಡೇ ಸ್ಪೂನನ್ನು ಕಚ್ಚಿತು. ಹಲ್ಲಿಗೆ ದಾರ ಕತ್ತರಿಸದಂತೆ ಉಕ್ಕಿನ ತಂತಿಯ ತುಂಡು ಕಟ್ಟಿರಬೇಕು, ಉದ್ದ ಮೂತಿಯ ಇಕ್ಕಳ ಕೈಗೆಟುಕುವಲ್ಲಿರಬೇಕು. ಬಲೆಯನ್ನು ನೀರಿನಲ್ಲೇ ಹಿಡಿದು ಕೊಕ್ಕೆ ಬಿಡಿಸುವಾಗ ಅದರ ಅಂಗುಳಿನ ತುಂಬ ಒಳಮುಖವಾಗಿ ಬಾಗಿದ ಹಲ್ಲುಗಳ ಸಾಲುಗಳು ಕಂಡವು. ಹಸಿರು ಮೈಮೇಲೆ ತಿಳಿಹಳದಿ ಚುಕ್ಕೆಗಳು. ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚೇ ಇತ್ತು. ಆ ತಣ್ಣನೆಯ ನೀರಿನಲ್ಲಿ ಅಷ್ಟು ಬೆಳೆಯಲು ಹತ್ತು-ಹದಿನೈದು ವರ್ಷ ಬೇಕು. ಭೀಮೇಶ್ವರಿಯ ಕಾವೇರಿಯಲ್ಲಿ ಮಹಶೀರ್ ಹಿಡಿದು ಬಿಡುವ ಶಿಬಿರಗಳಿದ್ದ ಕಾಲದಲ್ಲಿ ಭಾವ ಒಮ್ಮೆ ಅಲ್ಲಿಗೆ ಹೋಗಿದ್ದವರು. ಬಾಲದ ಬುಡ ಹಿಡಿದು, ಕಿವಿರು ಸರಿಯಾಗಿ ಆಡುವವರೆಗೆ ಕಾದು, ಕೈಬಿಟ್ಟರು.

ಊಟದ ವಿಷಯದಲ್ಲಿ ನಾನು ಪಕ್ಷಪಾತಿ. ಬಂಡೆಯ ಮೇಲೆ ಹಂದಿಯ ಕೊಬ್ಬಿನಲ್ಲಿ ಮೀನು ಮುಳುಗಿಸಿ ಕರಿದು, ಸಿಹಿ ಬೀನ್ಸಿನ ಡಬ್ಬಿ ಪಕ್ಕಕ್ಕಿಡುವ ಅಲ್ಲಿನ ಸಂಪ್ರದಾಯವನ್ನು ಎಲ್ಲರೂ ಹೊಗಳುತ್ತಾರೆ, ನನಗೆ ರುಚಿಸಲಿಲ್ಲ. ಉಪ್ಪು, ಮೆಣಸಿನ ಪುಡಿ, ಅರಿಸಿನ, ಹುಣಸೆ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿದ ವಾಲೈ ನಮ್ಮ ಕಾಣೆ ಮೀನಿನಂತೆ ಬಿಳಿಯಾಗಿ, ಪದರಪದರವಾಗಿ ಬಿಟ್ಟುಕೊಳ್ಳುತ್ತದೆ. ಕ್ಯಾಬಿನ್ನಿನ ತೆಳು ಅಲ್ಯೂಮಿನಿಯಂ ಬಾಣಲೆಗೆ ಅರ್ಧ ರವೆ ಅಂಟಿಕೊಂಡರೂ ಯಾರೂ ದೂರಲಿಲ್ಲ. ಸಣ್ಣ ಪೈಕ್‌ನ ಮಾಂಸದಲ್ಲಿ ಕವಲೊಡೆದ ಮುಳ್ಳುಗಳಿರುವುದರಿಂದ ಅದು ಹುರಿಯುವುದಕ್ಕಿಂತ ಗಸಿಗೆ ಮೇಲು. ತೆಂಗಿನಹಾಲಿನ ಪುಡಿ ತೂಕಕ್ಕೆ ಹಗುರ, ಮರೆಯದೆ ಒಯ್ಯಿರಿ.

ಮನೆಗೆ ತರುವ ಮೀನನ್ನು ಜಾತಿ ಮತ್ತು ಸಂಖ್ಯೆ ತಿಳಿಯುವಂತೆ, ಚರ್ಮದ ತುಂಡು ಬಿಟ್ಟು, ಬೇರೆಬೇರೆಯಾಗಿ ಕಟ್ಟಬೇಕೆಂಬ ನಿಯಮವಿದೆ. ಹಾಗೆ ಕಟ್ಟಿ ತಂದ ಮೀನನ್ನು ವಿನ್ನಿಪೆಗ್‌ನಲ್ಲಿ ಅಕ್ಕ ಬೇಯಿಸುವ ಮೊದಲು ಕೋಷ್ಟಕ ತೆರೆದು, ಮಕ್ಕಳ ಸಾಲನ್ನು ಓದಿ, ಅವರ ತಟ್ಟೆಗೆ ಎಷ್ಟು ಎಂದು ತಾನೇ ತೀರ್ಮಾನಿಸಿದಳು. ಮುಂದಿನ ಸಲ ಆಗಸ್ಟ್ ಕೊನೆಗೆ ಎಂದು ಈಗ ಒಪ್ಪಂದವಾಗಿದೆ. ಭಾವ ಬೇರೊಂದು ಸಂಸ್ಥೆಗೆ ಪತ್ರ ಬರೆದಿದ್ದಾರೆ: ಆಹಾರದ ಪೆಟ್ಟಿಗೆ ತೂಕಕ್ಕೆ ಸೇರುತ್ತದೆಯೇ, ಹೆಚ್ಚುವರಿ ಮೋಟಾರು ಇದೆಯೇ, ಕ್ಯಾಬಿನ್ನಿನ ಬಾಣಲೆ ಯಾವ ಲೋಹದ್ದು, ಅಡ್ಡಳತೆ ಎಷ್ಟು ಎಂದು. ಮೊದಲ ಎರಡಕ್ಕೆ ಉತ್ತರ ಬಂದಿದೆ.