ದ್ರಾಕ್ಷಿ ಎಲೆಯ ಡಿಎನ್‌ಎ ಕಂದಾದರೆ ಏನು ಮಾಡಬೇಕು?

ವಿಜಯಪುರ, ಬಾಗಲಕೋಟೆ ಕಡೆಯ ಕೃಷಿ ಮತ್ತು ತೋಟಗಾರಿಕೆ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ತಿಕೋಟಾದ ತೋಟದಿಂದ ಎಲೆ ತಂದು ಡಿಎನ್‌ಎ ತೆಗೆದರೆ, ಟ್ಯೂಬಿನ ತಳದಲ್ಲಿ ಬೆಳ್ಳಗಿನ ನೂಲಿನ ಬದಲು ಬೆಲ್ಲದ ಬಣ್ಣದ ಅಂಟು ಕೂತಿರುತ್ತದೆ. ಪಿಸಿಆರ್ (ಡಿಎನ್‌ಎಯ ಬೇಕಾದ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಆಗುವುದಿಲ್ಲ. ನನ್ನ ಉತ್ತರ: ಕಂದಾದದ್ದನ್ನು ತೊಳೆಯುತ್ತ ಕೂರಬೇಡಿ, ಎಳೆಯ ಎಲೆಯಿಂದ ಮತ್ತೆ ಶುರು ಮಾಡಿ.

ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದೆಂದು ಉಪ್ಪುನೀರಿಗೆ ಹಾಕುತ್ತೇವಲ್ಲ, ಇಲ್ಲಿ ನಡೆಯುವುದೂ ಅದೇ. ಎಲೆ ಅರೆದ ಕ್ಷಣ ಜೀವಕೋಶದೊಳಗಿನ ಪಾಲಿಫೀನಾಲ್‌ಗಳು (ಒಗರು ಕೊಡುವ ಪದಾರ್ಥಗಳು) ಹೊರಬಿದ್ದು, ಗಾಳಿ ತಗುಲಿ ಕ್ವಿನೋನ್ ಎಂಬ, ಕಂದು ಬಣ್ಣ ತರುವ ಪದಾರ್ಥ ಆಗುತ್ತವೆ. ಕ್ವಿನೋನ್ ಒಮ್ಮೆ ಡಿಎನ್‌ಎಗೆ ಗಟ್ಟಿಯಾಗಿ ಅಂಟಿಕೊಂಡರೆ ಬಿಡುವುದಿಲ್ಲ.

ಹಾಗಾಗಿ ಅರ್ಧ ಕೆಲಸ ತೋಟದಲ್ಲೇ ಇದೆ. ಚಾಟ್ನಿಯಾದ (ಬಳ್ಳಿ ಸವರಿದ) ಮೇಲೆ ಚಿಗುರಿದ ಕುಡಿಯ ತುದಿಯಿಂದ ಎರಡನೆಯ ಅಥವಾ ಮೂರನೆಯ ಎಲೆ ಆರಿಸಿ. ಬಲಿತ ಎಲೆಯಲ್ಲಿ ಫೀನಾಲ್, ಪಿಷ್ಟ ಎರಡೂ ಹೆಚ್ಚು. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಿಸಿದ್ದರೆ ನೀರಲ್ಲಿ ತೊಳೆದು ಒರೆಸಿ. ಇನ್ನೊಂದು ಎಚ್ಚರ ಎಲ್ಲಕ್ಕಿಂತ ಮುಖ್ಯ: ನಮ್ಮ ಬಹಳಷ್ಟು ತೋಟಗಳು ಡಾಗ್‌ರಿಡ್ಜ್ ಎಂಬ ಬೇರೆ ದ್ರಾಕ್ಷಿಯ ಬೇರಿನ ಮೇಲೆ ಕಸಿ ಮಾಡಿದವು. ಕಸಿಯ ಗಂಟಿನ ಕೆಳಗಿನಿಂದ ಎದ್ದ ಚಿಗುರಿನ ಎಲೆ ಕಿತ್ತರೆ, ನೀವು ಥಾಮ್ಸನ್ (ಬೀಜವಿಲ್ಲದ ದ್ರಾಕ್ಷಿ ತಳಿ) ಎಂದು ಬರೆದ ಟ್ಯೂಬಿನಲ್ಲಿ ಬೇರೆಯೇ ಜಾತಿಯ ಡಿಎನ್‌ಎ ಇರುತ್ತದೆ. ಎಷ್ಟೇ ಶುದ್ಧವಾಗಿ ತೆಗೆದರೂ ಆ ಫಲಿತಾಂಶ ಸುಳ್ಳು.

ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೆಂದ ಎಲೆ ಕೆಲಸಕ್ಕೆ ಬಾರದು. ಐಸ್ ಡಬ್ಬಿ ಇಲ್ಲದಿದ್ದರೆ, ಎಲೆಯ ಹತ್ತು ಪಟ್ಟು ತೂಕದ ಸಿಲಿಕಾ ಜೆಲ್‌ನಲ್ಲಿ (ತೇವ ಹೀರುವ ಹರಳು) ಹಾಕಿ. ಒಂದು ದಿನದೊಳಗೆ ಗರಿಗರಿಯಾಗಬೇಕು.

ಎಲೆಯ ಪುಡಿಯಿಂದ ಡಿಎನ್‌ಎ ಬಿಡಿಸುವ ದ್ರಾವಣ, ಅಂದರೆ ಬಫರ್, 100 ಮಿಲಿಗೆ: ಸಿಟಿಎಬಿ (ಜೀವಕೋಶದ ಪೊರೆ ಒಡೆಯುವ ಮಾರ್ಜಕ) 2 ಗ್ರಾಂ, ಪಿವಿಪಿ 2 ಗ್ರಾಂ, 1 ಮೋಲಾರ್ ಟ್ರಿಸ್ (ಪಿಎಚ್ 8.0) 10 ಮಿಲಿ, 0.5 ಮೋಲಾರ್ ಇಡಿಟಿಎ 4 ಮಿಲಿ. ಉಪ್ಪು ಸಾಮಾನ್ಯವಾಗಿ 1.4 ಮೋಲಾರ್ ಇರುತ್ತದೆ. ದ್ರಾಕ್ಷಿಗೆ 2 ಮೋಲಾರ್, ಅಂದರೆ 11.7 ಗ್ರಾಂ ಹಾಕಿ. ಹೆಚ್ಚು ಉಪ್ಪಿದ್ದರೆ ಲೋಳೆಯಂಥ ಪಾಲಿಸ್ಯಾಕರೈಡ್ (ಸಕ್ಕರೆಯ ಉದ್ದ ಸರಪಳಿ) ಡಿಎನ್‌ಎ ಜೊತೆ ತಳಕ್ಕೆ ಇಳಿಯುವುದು ತಗ್ಗುತ್ತದೆ. ಪಿವಿಪಿ ಫೀನಾಲ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಳಸುವ ಮುನ್ನವಷ್ಟೇ, ಫ್ಯೂಮ್ ಹುಡ್‌ನಲ್ಲಿ, ಪ್ರತಿ ಮಿಲಿಗೆ 10 ಮೈಕ್ರೋಲೀಟರ್ ಮರ್ಕ್ಯಾಪ್ಟೊಎಥನಾಲ್ ಸೇರಿಸಿ. ಆಕ್ಸಿಡೀಕರಣ ತಡೆಯುವುದು ಅದೇ. ಹಿಂದಿನ ದಿನವೇ ಬೆರೆಸಿಟ್ಟರೆ ಅದರ ಬಲ ಕುಂದುತ್ತದೆ.

100 ಮಿಲಿಗ್ರಾಂ ಎಲೆಯನ್ನು ದ್ರವ ಸಾರಜನಕದಲ್ಲಿ ನುಣ್ಣಗೆ ಅರೆದು, ಪುಡಿ ಕರಗಿ ಒದ್ದೆಯಾಗುವ ಮೊದಲೇ 65 ಡಿಗ್ರಿಗೆ ಕಾಯಿಸಿದ 1 ಮಿಲಿ ಬಫರ್‌ಗೆ ಹಾಕಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಅರ್ಧ ಗಂಟೆ 65 ಡಿಗ್ರಿಯಲ್ಲಿಟ್ಟು, ಸಮ ಪ್ರಮಾಣದ ಕ್ಲೋರೋಫಾರ್ಮ್-ಐಸೋಅಮೈಲ್ ಆಲ್ಕೋಹಾಲ್ (24:1) ಸೇರಿಸಿ ಮೆಲ್ಲಗೆ ತಿರುವಿ, ಸೆಂಟ್ರಿಫ್ಯೂಜ್ ಮಾಡಿ. ಈ ಹಂತದಲ್ಲಿ ತಂಪು ಬೇಡ. 15 ಡಿಗ್ರಿಗಿಂತ ಕೆಳಗೆ ಸಿಟಿಎಬಿ ಹರಳುಗಟ್ಟುತ್ತದೆ. ಮೇಲಿನ ಪದರವನ್ನಷ್ಟೇ ತೆಗೆದುಕೊಳ್ಳಿ, ನಡುವಿನ ಬಿಳಿ ಕೆನೆ ಮುಟ್ಟಬೇಡಿ. ಮುಂದಿನದು ಎಲ್ಲರಿಗೂ ಗೊತ್ತಿರುವುದೇ: ಡಿಎನ್‌ಎ ತಳಕ್ಕಿಳಿಸಲು ಐಸೋಪ್ರೊಪನಾಲ್, ಅದನ್ನು ತೊಳೆಯಲು 70% ಎಥನಾಲ್.

ಕೊನೆಗೆ ನ್ಯಾನೋಡ್ರಾಪ್‌ನಲ್ಲಿ (ಡಿಎನ್‌ಎ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಯಂತ್ರ) 260 ಮತ್ತು 280 ನ್ಯಾನೋಮೀಟರ್ ಅಳತೆಗಳ ಅನುಪಾತ, 260/280, ಸುಮಾರು 1.8 ಬಂದರೆ ಹಿಗ್ಗಬೇಡಿ, 260/230 ನೋಡಿ. ಅದು 2ರ ಆಸುಪಾಸು ಇರಬೇಕು. 1ಕ್ಕಿಂತ ಕೆಳಗಿದ್ದರೆ ಪಾಲಿಸ್ಯಾಕರೈಡ್ ಅಥವಾ ಫೀನಾಲ್ ಉಳಿದಿರುವ ಸಾಧ್ಯತೆ ಹೆಚ್ಚು. ಬರೀ ಪಿಸಿಆರ್ ಆದರೆ ಹತ್ತು ಪಟ್ಟು ತೆಳು ಮಾಡಿ ನೋಡಬಹುದು. ಇಡೀ ಜೀನೋಮ್ ಓದಿಸುವುದಿದ್ದರೆ ಅಂಥ ಟ್ಯೂಬನ್ನು ಕಳಿಸಬೇಡಿ.