ಒಂದು ಬೆರಳಿಗೆ ತಿರುಗಿದ ಪ್ರೊಪೆಲರ್

"ಮುಟ್ಟಬಹುದೇನೋ?" ಅಂತ ಕೇಳಿದರು ಅಪ್ಪ.

ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ಅಮೆರಿಕದ ಡೆನ್ವರ್ ದಕ್ಷಿಣಕ್ಕಿರುವ ಸೆಂಟೆನಿಯಲ್ ಏರ್‌ಪೋರ್ಟಿನ ಹ್ಯಾಂಗರಿನಲ್ಲಿ ನಮ್ಮ ಪಿಲಾಟಸ್ ಪಿಸಿ-12 ವಿಮಾನ ನಿಂತಿತ್ತು. ಒಂದೇ ಇಂಜಿನ್ನಿನ ಟರ್ಬೊಪ್ರಾಪ್, ಅಂದರೆ ಟರ್ಬೈನ್ ಇಂಜಿನ್ನು ಪ್ರೊಪೆಲರ್ ತಿರುಗಿಸುವ ವಿಮಾನ. ಮೂರು ಮನೆಯವರು ಸೇರಿ ಕೊಂಡದ್ದು. ಪ್ರೊಪೆಲರ್‌ಗೆ ಬಿಗಿದಿದ್ದ ಪಟ್ಟಿ ಬಿಚ್ಚಿ, "ತಿರುಗಿಸಿ ನೋಡಿ ಅಪ್ಪ" ಅಂದೆ.

ಅಪ್ಪ ಅರಸೀಕೆರೆ ಹತ್ತಿರ ನಮ್ಮೂರಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವ ಡೀಸೆಲ್ ಇಂಜಿನ್ ಅದು. ಒಂದು ಸಲ ಹ್ಯಾಂಡಲ್ ವಾಪಸ್ ಹೊಡೆದು ಅವರ ಮಣಿಕಟ್ಟು ಮುರಿದಿತ್ತು. ಆ ನೆನಪಿಗೋ ಏನೋ, ಕಾಲು ಗಟ್ಟಿಯಾಗಿ ಊರಿ ಎರಡೂ ಕೈ ಹಾಕಿದರು. ಪ್ರೊಪೆಲರ್ ಸದ್ದಿಲ್ಲದೆ ಸರ್ರನೆ ತಿರುಗಿತು. ಕೈ ತೆಗೆದು ಒಂದೇ ಬೆರಳಲ್ಲಿ ತಳ್ಳಿದರು. ಆಗಲೂ ತಿರುಗಿತು.

"ಕಂಪ್ರೆಶನ್ನೇ ಇಲ್ಲವಲ್ಲೋ ಇದಕ್ಕೆ!"

ಆ ಮಾತು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಈ ಇಂಜಿನ್ನಿನ ಗುಟ್ಟೇ ಅದು. ಪ್ರಾಟ್ ಅಂಡ್ ವಿಟ್ನಿ ಕೆನಡಾದವರ ಪಿಟಿ6 ಇದು, 1960ರ ದಶಕದಿಂದ ಹಾರುತ್ತಿರುವ ಜಾತಿ. ಪಿಸ್ಟನ್ ಇಲ್ಲ, ಸಿಲಿಂಡರ್ ಇಲ್ಲ, ಹಾಗಾಗಿ ಕೈಗೆ ಎದುರೊತ್ತುವ ಒತ್ತಡವೂ ಇಲ್ಲ. ಟರ್ಬೈನ್ ಅಂದರೆ ಬಿಸಿ ಗಾಳಿಗೆ ತಿರುಗುವ ಅಲಗಿನ ಚಕ್ರ. ಒಂದು ಟರ್ಬೈನ್ ಗಾಳಿ ಒತ್ತುವ ಕಂಪ್ರೆಸರನ್ನು ತಿರುಗಿಸುತ್ತದೆ, ಇನ್ನೊಂದು ಪ್ರೊಪೆಲರನ್ನು. ಎರಡರ ಮಧ್ಯೆ ಕಬ್ಬಿಣದ ಜೋಡಣೆಯೇ ಇಲ್ಲ, ಬಿಸಿ ಗಾಳಿ ಮಾತ್ರ. ಒಂದು ಫ್ಯಾನ್ ಹಾಕಿದಾಗ ಎದುರಿಗಿಟ್ಟ ಫ್ಯಾನೂ ತಿರುಗುತ್ತದಲ್ವಾ, ಹಾಗೆ. ನಿಂತಾಗ ಸುಮ್ಮನೆ ಗಾಳಿ ಬೀಸಿದರೂ ಪ್ರೊಪೆಲರ್ ಸುತ್ತುತ್ತದೆ. ಇಂಜಿನ್ ಓಡದೆ ಒಳಗೆ ಎಣ್ಣೆ ಒತ್ತಡ ಇರುವುದಿಲ್ಲ, ಬೇರಿಂಗಿಗೆ ಅದು ಒಳ್ಳೆಯದಲ್ಲ. ಅದಕ್ಕೇ ಆ ಪಟ್ಟಿ. ಇದನ್ನು ಹೇಳಿದಾಗ ಅಪ್ಪ ಪಟ್ಟಿಯನ್ನು ಇನ್ನೊಮ್ಮೆ ಕೈಗೆ ತೆಗೆದುಕೊಂಡು ನೋಡಿದರು.

ಇಂಧನದ ಗಾಡಿ ಬಂತು. ಅಪ್ಪ ಮೂಗರಳಿಸಿ, "ಸೀಮೆಎಣ್ಣೆ ವಾಸನೆ" ಅಂದರು. ಹೌದು, ಜೆಟ್-ಎ ಅಂದರೆ ಹೆಚ್ಚುಕಮ್ಮಿ ಸೀಮೆಎಣ್ಣೆಯೇ. ಪಿಸ್ಟನ್ ಇಂಜಿನ್ನಿನ ನನ್ನ ಹಳೆಯ ವಿಮಾನ ಸೆಸ್ನಾ 182ಕ್ಕೆ ಏವ್‌ಗ್ಯಾಸ್, ಅಂದರೆ ಸೀಸ ಬೆರೆಸಿದ ವಿಮಾನದ ಪೆಟ್ರೋಲ್ ಬೇಕಿತ್ತು. ಆ ಇಂಧನ ಪ್ರಪಂಚದ ಎಷ್ಟೋ ಕಡೆ ಹುಡುಕಿದರೂ ಸಿಗುವುದು ಕಷ್ಟ. ಸೀಮೆಎಣ್ಣೆ ಕುಡಿಯುವ ವಿಮಾನಕ್ಕೆ ಆ ಚಿಂತೆ ಕಡಿಮೆ.

ನಾವು ಹೊರಟಿದ್ದು ಲೆಡ್‌ವಿಲ್‌ಗೆ. ಸಮುದ್ರಮಟ್ಟದಿಂದ 9,934 ಅಡಿ ಮೇಲಿರುವ, ಉತ್ತರ ಅಮೆರಿಕದಲ್ಲೇ ಅತಿ ಎತ್ತರದ ಏರ್‌ಪೋರ್ಟ್ ಅದು. ನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, 182 ತೆಗೆದುಕೊಂಡು ಹೆಂಡತಿ ಜೊತೆ ಅಲ್ಲಿಗೆ ಹೋಗಿದ್ದೆ. ವಾಪಸ್ ಹೊರಟಾಗ ಬಿಸಿಲೇರಿತ್ತು. ಬಿಸಿಲಿಗೆ ಗಾಳಿ ಇನ್ನೂ ತೆಳುವಾಗಿ, ಇಂಜಿನ್ನಿನ ಪಾಲಿಗೆ ಅದು 13 ಸಾವಿರ ಅಡಿಯ ಗಾಳಿಯಾಗಿತ್ತು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಶಕ್ತಿ ಮಾಯ. ರನ್‌ವೇ ಮುಗಿಯುತ್ತಾ ಬಂದರೂ ಚಕ್ರ ನೆಲ ಬಿಡಲೊಲ್ಲದು. ಕೊನೆಗೆ ಬಿಟ್ಟಿತು. ಆಮೇಲೆ ಕಣಿವೆಯೊಳಗೆ ಸುತ್ತು ಹೊಡೆಯುತ್ತಾ ಗೇಣು ಗೇಣಾಗಿ ಮೇಲೇರಿದೆವು. ಅವಳು ಒಂದು ಮಾತೂ ಆಡಲಿಲ್ಲ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ತಪ್ಪು ನನ್ನದೇ. ಬೆಳಿಗ್ಗೆ ಬೇಗ ಹೊರಡಬೇಕಿತ್ತು.

ಈ ಸಲ ಅಪ್ಪ ನನ್ನ ಬಲಗಡೆ ಸೀಟಿನಲ್ಲಿ ಕೂತರು. ಸ್ಟಾರ್ಟರ್ ಒತ್ತಿದೆ. ಸಣ್ಣ ಸಿಳ್ಳೆಯ ಸದ್ದು ಏರುತ್ತಾ ಹೋಯಿತು. ಕಂಪ್ರೆಸರ್ ವೇಗ ಶೇಕಡಾ 13 ದಾಟಿದ ಮೇಲೆ ಇಂಧನ ಬಿಟ್ಟೆ, ಕಣ್ಣೆಲ್ಲ ಇಂಜಿನ್ನಿನೊಳಗಿನ ಉಷ್ಣಾಂಶದ ಮೇಲೆ. ಸ್ಟಾರ್ಟಿನಲ್ಲಿ ಅದು 1,000 ಡಿಗ್ರಿ ಮೀರುವಂತಿಲ್ಲ. ಈ ಕೆಲವು ಸೆಕೆಂಡಿನಲ್ಲಿ ಮೈಮರೆತರೆ ಲಕ್ಷಾಂತರ ಡಾಲರ್ ಸುಟ್ಟಂತೆ. ಅಪ್ಪನೂ ಬಗ್ಗಿ ಅದನ್ನೇ ನೋಡುತ್ತಿದ್ದರು.

ಬೆಟ್ಟಸಾಲಿನ ಮೇಲೆ 16 ಸಾವಿರ ಅಡಿಯಲ್ಲಿ ಹಾರುವಾಗ 182ರಲ್ಲಾಗಿದ್ದರೆ ಮೂಗಿಗೆ ಆಮ್ಲಜನಕದ ನಳಿಗೆ ಬೇಕಿತ್ತು. ಇಲ್ಲಿ ಕ್ಯಾಬಿನ್ನಿನೊಳಗೇ ಒತ್ತಡ ಕಾಯ್ದುಕೊಳ್ಳುತ್ತದೆ. ಎರಡು ತಿಂಗಳಿಂದ ಡೆನ್ವರಿನ ತೆಳು ಗಾಳಿಗೆ ಒಗ್ಗಿದ್ದ ಅಪ್ಪನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ ಮಗಳಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ಮೌಂಟ್ ಎಲ್ಬರ್ಟ್ ಎದುರಿಗೇ ಕಾಣುತ್ತಿತ್ತು.

ನೆಲ ಮುಟ್ಟಿದೊಡನೆ ಲಿವರ್ ಹಿಂದಕ್ಕೆಳೆದೆ. ಪ್ರೊಪೆಲರ್ ಅಲಗುಗಳು ಕೋನ ಬದಲಿಸಿ ಗಾಳಿಯನ್ನು ಮುಂದಕ್ಕೆ ತಳ್ಳಿದವು. ಬ್ರೇಕ್ ಮುಟ್ಟುವ ಮೊದಲೇ ವೇಗ ಇಳಿದಿತ್ತು. ಏರ್‌ಪೋರ್ಟ್ ಆಫೀಸಿನಲ್ಲಿ, ಅಲ್ಲಿ ಬಂದಿಳಿದವರಿಗೆ ಕೊಡುವ ಪ್ರಮಾಣಪತ್ರ ಕೊಟ್ಟರು.

ಹೊರಟಾಗ ಹನ್ನೊಂದೂವರೆ, ಉಷ್ಣಾಂಶ 21 ಡಿಗ್ರಿ. ಬೇಕಂತಲೇ ತಡ ಮಾಡಿದ್ದಲ್ಲ, ಮಗಳ ಊಟ ಮುಗಿಯಲಿಲ್ಲ ಅಷ್ಟೇ. ಲೆಕ್ಕ ಹಾಕಿ ನೋಡಿದೆ. ಮತ್ತೆ ಅದೇ 13 ಸಾವಿರ ಅಡಿಯ ಗಾಳಿ. ಆದರೆ ಈ ಇಂಜಿನ್ನಿಗೆ 1,700ಕ್ಕೂ ಜಾಸ್ತಿ ಅಶ್ವಶಕ್ತಿ ಕೊಡುವ ತಾಕತ್ತಿದೆ. ಪಿಲಾಟಸ್‌ನವರು ಅದನ್ನು 1,200ಕ್ಕೆ ಕಟ್ಟಿ ಹಾಕಿದ್ದಾರೆ. ಗಾಳಿ ತೆಳುವಾದಾಗ ಆ ಉಳಿಕೆ ಕೈಗೆ ಬರುತ್ತದೆ. ಟಾರ್ಕ್, ಅಂದರೆ ಪ್ರೊಪೆಲರ್ ತಿರುಗಿಸುವ ಬಲ, ಹತ್ತಿರ ಹತ್ತಿರ ಪೂರ್ತಿ ಬಂತು. ರನ್‌ವೇ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ಎದ್ದೆವು. ಹಿಂದೆ ತಿರುಗಿ ನೋಡಿದೆ. ಹೆಂಡತಿ ನಗುತ್ತಿದ್ದಳು.

ಖರ್ಚಿಲ್ಲವೇ ಅಂದರೆ ಇದೆ. ಗಂಟೆಗೆ 60 ಗ್ಯಾಲನ್ ಹತ್ತಿರ ಕುಡಿಯುತ್ತದೆ, 182ರ ನಾಲ್ಕು ಪಟ್ಟಿಗಿಂತ ಜಾಸ್ತಿ. ಮೂವರು ಹಂಚಿಕೊಂಡರೂ ಕೈ ಬಿಗಿ. ಪುಟ್ಟ ಜೆಟ್ ಇದಕ್ಕಿಂತ ವೇಗವಾಗಿ ಹೋಗುತ್ತದೆ, ಆದರೆ ಬಹಳ ಜಾಸ್ತಿ ಕುಡಿಯುತ್ತದೆ, ಅದರಲ್ಲೂ ನಾವು ಹೋಗುವಂಥ ಕಡಿಮೆ ದೂರಕ್ಕೆ, ಕಡಿಮೆ ಎತ್ತರದಲ್ಲಿ. ಹುಲ್ಲಿನ ಪಟ್ಟಿಯ ಮೇಲೆ ಅದನ್ನು ಇಳಿಸಲು ನನಗೆ ಧೈರ್ಯ ಬಾರದು. ನನಗೆ ಬೇಕಿದ್ದದ್ದು ವೇಗವಲ್ಲ, ಈ ಉಳಿಕೆ. ಮನೆಯವರನ್ನು ಕೂರಿಸಿಕೊಂಡು ಬೆಟ್ಟ ದಾಟುವವನಿಗೆ ಅದರ ಬೆಲೆ ಗೊತ್ತು.

ಸೆಂಟೆನಿಯಲ್‌ಗೆ ಬಂದು ವಿಮಾನ ಹ್ಯಾಂಗರಿಗೆ ಸೇರಿಸಿದೆವು. ಲಾಗ್ ಬರೆದು ಕೆಳಗಿಳಿದು ಬರುವಷ್ಟರಲ್ಲಿ ಅಪ್ಪ ಪಟ್ಟಿ ಹಿಡಿದು ಪ್ರೊಪೆಲರ್ ಹತ್ತಿರ ನಿಂತಿದ್ದರು. "ಇಂಜಿನ್ ಆರಿದೆಯೇನೋ?" ಅಂತ ಕೇಳಿದರು. ಆಮೇಲೆ ಅಲಗನ್ನು ಒಂದು ಬೆರಳಲ್ಲಿ ಸರಿಯಾದ ಜಾಗಕ್ಕೆ ತಂದು, ಪಟ್ಟಿ ಬಿಗಿದು, ಎರಡು ಸಲ ಜಗ್ಗಿ ನೋಡಿದರು.