ಎಲ್ಲರೂ ಉಳಿಯುವ ಅಂತ್ಯ ಯಾಕಿಲ್ಲ?

ದಾವಣಗೆರೆಯಲ್ಲಿ ನನ್ನ ಆಟವನ್ನು ಆಡಿ ನೋಡಿದ ಕಾಲೇಜು ಹುಡುಗರು ಮೊಬೈಲ್ ಹಿಂತಿರುಗಿಸುವಾಗ ತಪ್ಪದೆ ಕೇಳುವ ಪ್ರಶ್ನೆ: “ಅಣ್ಣಾ, ಎಲ್ಲರೂ ಉಳಿಯುವ ಅಂತ್ಯವನ್ನು ಯಾಕೆ ಇಟ್ಟಿಲ್ಲ? ಚೆನ್ನಾಗಿ ಆಡಿದವರಿಗಾದರೂ ಕೊಡಬಹುದಲ್ಲ?”

ಆಟದ ಕಥೆ ಇಷ್ಟು. ಕಾಲ 1779, ಜಾಗ ಚಿತ್ರದುರ್ಗದ ಏಳು ಸುತ್ತಿನ ಕೋಟೆ, ಹೊರಗೆ ಹೈದರಾಲಿಯ ಸೈನ್ಯ. ಆಡುವವರು ಮದಕರಿ ನಾಯಕರಲ್ಲ. ಕಣಜದ ಲೆಕ್ಕ ಬರೆಯುವ ಒಬ್ಬ ಕಲ್ಪಿತ ಶಾನುಭೋಗ. (ಓಬವ್ವ ಎಲ್ಲಿ ಎಂದೂ ಕೇಳುತ್ತಾರೆ. ಅವಳ ಕಥೆ ಇದಕ್ಕಿಂತ ಹಿಂದಿನ ಮುತ್ತಿಗೆಯದು.) ಕೋಟೆ ಬೀಳುವುದು ಚರಿತ್ರೆ, ಅದನ್ನು ನಾನು ತಿದ್ದುವುದಿಲ್ಲ. ಕೊನೆಯ ರಾತ್ರಿ ಶಾನುಭೋಗನಿಗೆ ಮೂರು ದಾರಿ. ಉಳಿದ ಧಾನ್ಯವನ್ನೆಲ್ಲ ಕಾವಲಿನವರಿಗೆ ಕೊಟ್ಟರೆ ಅಕ್ಕ ತಂಗಿ ಹೊಂಡದ ಬಳಿ ಬೀಡುಬಿಟ್ಟ ಕುಟುಂಬಗಳು ಹಸಿಯುತ್ತವೆ. ಅದನ್ನು ಬುತ್ತಿ ಕಟ್ಟಿ ಆ ಕುಟುಂಬಗಳನ್ನು ಕಿಂಡಿಯಿಂದ ಹೊರಗೆ ಸಾಗಿಸಿದರೆ, ಅವನನ್ನು ನಂಬಿದ ಕಾವಲಿನವರು ಬರಿಹೊಟ್ಟೆಯಲ್ಲಿ ಕಾದುತ್ತಾರೆ. ಕಣಜಕ್ಕೆ ಬೆಂಕಿ ಇಟ್ಟರೆ ವೈರಿಗೆ ಏನೂ ಸಿಗುವುದಿಲ್ಲ, ನಮ್ಮವರಿಗೂ ಸಿಗುವುದಿಲ್ಲ.

ಇಲ್ಲಿ ಎಲ್ಲರೂ ಉಳಿಯುವ ನಾಲ್ಕನೆಯ ಬಾಗಿಲು ತೆರೆದರೆ, ಉಳಿದ ಮೂರು ಆಯ್ಕೆಗಳಾಗಿ ಉಳಿಯುವುದಿಲ್ಲ. ಸರಿಯಾಗಿ ಆಡದವರಿಗೆ ಕೊಟ್ಟ ಶಿಕ್ಷೆಗಳಾಗುತ್ತವೆ. ನನ್ನ ಉತ್ತರದ ಅರ್ಧ ಭಾಗ ಇದೇ.

ದೊಡ್ಡ ಆಟಗಳೂ ಇಲ್ಲಿ ಎಡವಿವೆ. 2007ರ ಬಯೋಶಾಕ್‌ನಲ್ಲಿ ಪುಟ್ಟ ಹುಡುಗಿಯರನ್ನು ಬಲಿಕೊಟ್ಟರೆ ಆಡಮ್ ಎಂಬ ದ್ರವ್ಯ ತಲಾ 160 ಸಿಗುತ್ತದೆ, ಬಿಡುಗಡೆ ಮಾಡಿದರೆ 80. ಕೇಳುವುದಕ್ಕೆ ಕಠಿಣ. ಆದರೆ ಮೂವರನ್ನು ಬಿಡುಗಡೆ ಮಾಡಿದಾಗಲೆಲ್ಲ ಇನ್ನೂ 200 ಉಡುಗೊರೆಯಾಗಿ ಬರುತ್ತದೆ. ಲೆಕ್ಕ ಹಾಕಿ: ಆ ಕಡೆ 480, ಈ ಕಡೆ 440. ಒಳ್ಳೆಯವನಾಗಲು ತೆತ್ತ ಬೆಲೆ ಹಿಂಬಾಗಿಲಿನಿಂದ ವಾಪಸು ಬಂತು, ಒಳ್ಳೆಯ ಅಂತ್ಯವೂ ಅವನಿಗೇ ಸಿಕ್ಕಿತು.

2012ರ ಮಾಸ್ ಎಫೆಕ್ಟ್ 3 ಇನ್ನೂ ಸ್ವಾರಸ್ಯಕರ. ರೀಪರ್ ಎಂಬ ಯಂತ್ರದೈತ್ಯರನ್ನು ನಾಶ ಮಾಡಿದರೆ ನಮ್ಮ ಜೊತೆ ಹೋರಾಡಿದ ಗೆತ್ ಎಂಬ ಯಂತ್ರಜನಾಂಗವೂ ಹಡಗಿನ ಸಂಗಾತಿ ಈಡಿಯೂ ಅಳಿಯುತ್ತಾರೆ. ರೀಪರ್‌ಗಳನ್ನು ವಶಪಡಿಸಿಕೊಳ್ಳಬೇಕಾದರೆ ನಾವು ಆಡುವ ಪಾತ್ರವಾದ ಶೆಪರ್ಡ್ ದೇಹ ತೊರೆಯಬೇಕು. ಜೀವಿ ಮತ್ತು ಯಂತ್ರಗಳನ್ನು ಬೆರೆಸಬೇಕಾದರೆ ಪ್ರಾಣ ಕೊಡಬೇಕು. ಕಾಗದದ ಮೇಲೆ ಮೂರೂ ದುಬಾರಿ. ಆದರೆ ಸೈನ್ಯವನ್ನು ಚೆನ್ನಾಗಿ ಕಟ್ಟಿದವರು ನಾಶವನ್ನು ಆರಿಸಿದರೆ, ಅವಶೇಷಗಳ ನಡುವೆ ಶೆಪರ್ಡ್ ಉಸಿರೆಳೆದುಕೊಳ್ಳುವ ಕೆಲವೇ ಕ್ಷಣಗಳ ದೃಶ್ಯ ಕಾಣಿಸುತ್ತದೆ. ಅದು ಬೇರೆ ಯಾವ ಅಂತ್ಯದಲ್ಲೂ ಇಲ್ಲ. ಅಷ್ಟು ಸಾಕು. ಮೂರು ಆಟಗಳ ಉದ್ದಕ್ಕೂ ಜೊತೆಗಿದ್ದ ಜೀವ ಬದುಕಿತು ಎಂದಾದಾಗ ಗೆತ್‌ಗಳ ಗತಿ ಯಾರಿಗೆ ನೆನಪಾಗುತ್ತದೆ? ಒಂದು ಉಸಿರಿನ ಮುಂದೆ ಇಡೀ ಜನಾಂಗ ಹಗುರವಾಗುತ್ತದೆ.

ಹಾಗಾದರೆ ಮೂರೂ ಅಂತ್ಯಗಳನ್ನು ತೂಗಿ ಸಮ ಮಾಡಬೇಕೇ? ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲವೂ ಸಮವಾದರೆ ಕಣ್ಣು ಮುಚ್ಚಿ ಒಂದನ್ನು ಒತ್ತಬಹುದು. ಒಂದೊಂದು ಅಂತ್ಯದಲ್ಲಿ ಕಳೆದುಕೊಳ್ಳುವುದು ಬೇರೆ ಬೇರೆ ಜಾತಿಯದಾಗಿರಬೇಕು: ಒಂದರಲ್ಲಿ ಪ್ರಾಣ, ಇನ್ನೊಂದರಲ್ಲಿ ಕೊಟ್ಟ ಮಾತು, ಮತ್ತೊಂದರಲ್ಲಿ ನಾಳೆಯ ಊಟ. ಅವುಗಳನ್ನು ಒಂದೇ ಅಳತೆಯಲ್ಲಿ ಅಳೆಯಲು ಬರಬಾರದು.

ಇನ್ನು ಚೆನ್ನಾಗಿ ಆಡಿದವರ ಮಾತು. ಅವರಿಗೆ ಬಹುಮಾನ ಇದೆ, ಆದರೆ ರಿಯಾಯಿತಿ ಇಲ್ಲ. ಕಣಜದ ಲೆಕ್ಕವನ್ನು ಸರಿಯಾಗಿ ಇಟ್ಟವರಿಗೆ ಕೊನೆಯ ರಾತ್ರಿ ಯಾರ ಮನೆಯಲ್ಲಿ ಎಷ್ಟು ಸೇರು ರಾಗಿ ಉಳಿದಿದೆ, ಕಾವಲಿನಲ್ಲಿ ಯಾರ ಮಗನಿದ್ದಾನೆ ಎಂಬುದೆಲ್ಲ ತಿಳಿಯುತ್ತದೆ. ಲೆಕ್ಕ ತಪ್ಪಿದವರು ಕತ್ತಲಲ್ಲಿ ಆರಿಸುತ್ತಾರೆ. “ಇದು ಬಹುಮಾನವೋ ಹಿಂಸೆಯೋ?” ಎಂದು ಒಬ್ಬಳು ಕೇಳಿದಳು. ಎರಡೂ ಹೌದು.

ಸದ್ಯಕ್ಕೆ ತಲೆನೋವು ಮೂರನೆಯ ದಾರಿಯದು. ಬಂದವರಲ್ಲಿ ಹೆಚ್ಚಿನವರು ಕಣಜಕ್ಕೆ ಬೆಂಕಿ ಇಡುತ್ತಿದ್ದಾರೆ. ಯಾಕೆಂದು ವಿಚಾರಿಸಿದರೆ, ಬಂಡೆಗಳ ಮೇಲೆ ಕುಣಿಯುವ ಆ ಬೆಂಕಿ ನೋಡಲು ಚೆನ್ನಾಗಿದೆಯಂತೆ. ದೃಶ್ಯವೇ ಲಂಚವಾಗಿಬಿಟ್ಟಿದೆ. ಮುಂದಿನ ಆವೃತ್ತಿಯಲ್ಲಿ ಬೆಂಕಿಯನ್ನು ದೂರದ ಹೊಗೆಯಷ್ಟಕ್ಕೇ ಇಳಿಸಿ, ಮರುದಿನದ ಖಾಲಿ ಒಲೆಗಳನ್ನು ತೋರಿಸಲಿದ್ದೇನೆ.